ಬೆಳ್ಳುಳ್ಳಿಗೆ ಯೂರಿಯಾ ಕೊಡುವುದನ್ನು ಯಾವಾಗ ನಿಲ್ಲಿಸಬೇಕು?

ಪ್ರಶ್ನೆ (ಧಾರವಾಡದಿಂದ):
ಹಿತ್ತಲಿನ ಎರೆಮಣ್ಣಿನ ಮಡಿಯಲ್ಲಿ ಅಕ್ಟೋಬರ್ ನಡುವಿನಲ್ಲಿ ಊರಿದ ಬೆಳ್ಳುಳ್ಳಿಗೆ ಈಗ 40 ದಿನಗಳಾಗಿವೆ. ಕಳೆದ ವರ್ಷ ಗಿಡ ಹಸಿರಾಗಿಯೇ ಇರಲೆಂದು ಜನವರಿ ಕೊನೆಯವರೆಗೂ ಹದಿನೈದು ದಿನಕ್ಕೊಮ್ಮೆ ಯೂರಿಯಾ ಹಾಕಿದ್ದೆ. ಎಲೆಗಳು ಸೊಂಪಾಗಿ ಬಂದರೂ ಗಡ್ಡೆಗಳು ಅಡಿಕೆಯ ಗಾತ್ರದಲ್ಲೇ ಉಳಿದವು. ಕೆಲವದರಲ್ಲಿ ಕೀಳುವ ಮೊದಲೇ ಎಸಳುಗಳು ಮೊಳೆತಿದ್ದವು. ಈ ಸಲ ಏನು ಮಾಡಲಿ? ಒಲೆಬೂದಿ ಹಾಕಬಹುದೇ?

ಉತ್ತರ 1:
ತಾವು ವಿವರಿಸಿದ್ದು ತಡವಾಗಿ ಕೊಟ್ಟ ಸಾರಜನಕದ ಲಕ್ಷಣ. ಬೆಳ್ಳುಳ್ಳಿ ಮೊದಲ ಎರಡು ತಿಂಗಳಲ್ಲಿ ಎಲೆಗಳನ್ನು ಕಟ್ಟಿಕೊಂಡು, ಆಮೇಲೆ ಆ ಎಲೆಗಳ ಆಹಾರವನ್ನೇ ಗಡ್ಡೆಗೆ ಇಳಿಸುತ್ತದೆ. ಗಡ್ಡೆ ಕಟ್ಟುವ ಹೊತ್ತಿನಲ್ಲೂ ಯೂರಿಯಾ ಸಿಗುತ್ತಿದ್ದರೆ ಅದು ಮತ್ತೆ ಎಲೆ ಬೆಳೆಸಲು ಹೊರಡುತ್ತದೆ, ಬಲಿಯುವುದು ತಡವಾಗುತ್ತದೆ, ಎಸಳುಗಳು ಗಡ್ಡೆಯೊಳಗೇ ಚಿಗುರುತ್ತವೆ. ಆದ್ದರಿಂದ ಈಗ ಒಂದು ಚದರ ಮೀಟರಿಗೆ 10 ಗ್ರಾಂನಷ್ಟು ಯೂರಿಯಾವನ್ನು ಸಾಲುಗಳ ನಡುವೆ, ಬುಡಕ್ಕೆ ತಾಗದಂತೆ ಹಾಕಿ ನೀರು ಕೊಡಿ. 60 ದಿನ ದಾಟಿದ ಮೇಲೆ ಸಾರಜನಕವನ್ನು ಯಾವ ರೂಪದಲ್ಲಿಯೂ ಕೊಡಬೇಡಿ. ಗಂಜಲ, ಹಿಂಡಿ ನೆನೆಸಿದ ನೀರು ಎಲ್ಲವೂ ಇದರಲ್ಲಿ ಸೇರುತ್ತವೆ. ಸಾವಯವವಾದರೆ ತೊಂದರೆಯಿಲ್ಲವೆಂದು ಅನೇಕರು ಇಲ್ಲಿಯೇ ಎಡವುತ್ತಾರೆ.

ಉತ್ತರ 2:
ಯೂರಿಯಾದ ಬದಲು ಅಮೋನಿಯಂ ಸಲ್ಫೇಟ್ ಉತ್ತಮವೆಂಬುದು ನನ್ನ ಅಭಿಪ್ರಾಯ. ಅದರಲ್ಲಿ ಶೇ. 21ರಷ್ಟು ಸಾರಜನಕದ ಜೊತೆಗೆ ಶೇ. 24ರಷ್ಟು ಗಂಧಕವಿದೆ, ಬೆಳ್ಳುಳ್ಳಿಯ ಘಾಟು ಗಂಧಕದ ಸಂಯುಕ್ತಗಳಿಂದಲೇ ಬರುವುದು. ಸಾರಜನಕ ಅದರಲ್ಲಿ ಯೂರಿಯಾದ ಅರ್ಧಕ್ಕಿಂತ ಕಡಿಮೆ ಇರುವುದರಿಂದ ಪ್ರಮಾಣವನ್ನು ಇಮ್ಮಡಿಗಿಂತ ಸ್ವಲ್ಪ ಹೆಚ್ಚು ಹಿಡಿಯಬೇಕು. ಬೂದಿಯಲ್ಲಿ ಪೊಟ್ಯಾಷ್ ಇದೆ, ನಿಜ. ಆದರೆ ಅದು ಕ್ಷಾರ, ಎರೆಮಣ್ಣೂ ಸಾಮಾನ್ಯವಾಗಿ ಕ್ಷಾರದ ಕಡೆಗೇ ಇರುತ್ತದೆ. ಅಮೋನಿಯಂ ಗೊಬ್ಬರದೊಂದಿಗೆ ಬೆರೆಸಿದರಂತೂ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ನಿಮ್ಮ ಮಣ್ಣಿಗೆ ಬೂದಿ ಬೇಡವೆನ್ನುತ್ತೇನೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಎಲೆಯ ತುದಿಗಳು ಸ್ವಲ್ಪ ಹಳದಿಯಾಗಿವೆ. ಅದಕ್ಕೂ ಗೊಬ್ಬರದ ಕೊರತೆಯೇ ಕಾರಣವೇ?

ಉತ್ತರ 3:
ಗೊಬ್ಬರ ಹಾಕುವ ಮೊದಲು ಮಣ್ಣನ್ನು ಬೆರಳಿನಿಂದ ಕೆದಕಿ ನೋಡಿ. ಎರೆಮಣ್ಣಿನಲ್ಲಿ ನೀರು ನಿಂತು ಬೇರಿಗೆ ಗಾಳಿಯಾಡದಿದ್ದರೂ ತುದಿ ಹಳದಿಯಾಗುತ್ತದೆ. ಕೆಳಗಿನ ಹಳೆಯ ಎಲೆಗಳು ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆಯನ್ನೂ, ಎಳೆಯ ಎಲೆಗಳು ಬಿಳಚಿದರೆ ಗಂಧಕ ಅಥವಾ ಕಬ್ಬಿಣದ ಕೊರತೆಯನ್ನೂ ಸಂಶಯಿಸಬಹುದು. ಎಲೆಯ ಮೇಲೆ ಬೆಳ್ಳಿಯಂಥ ಗೆರೆಗಳಿದ್ದರೆ ಅದು ಥ್ರಿಪ್ಸ್ ನುಸಿಯ ಕೆಲಸ. ಮುಂದಿನ ವರ್ಷ ಊರುವ ಮೊದಲೇ ಚದರ ಮೀಟರಿಗೆ 2 ಕಿಲೋದಷ್ಟು ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ, ಮಡಿಯನ್ನು ಅರ್ಧ ಅಡಿ ಏರಿಸಿಕೊಳ್ಳಿ.