ಅಪ್‌ಡೇಟ್: ಒಂದೇ ಹೆಸರಿನ ಫೈಲುಗಳು ಅಂತೂ ಒಂದಾದವು

ಮೊದಲು ಕೇಳಿದ್ದು ಇಷ್ಟು: ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಅಂತ ಊರಿಗೊಂದು ಫೋಲ್ಡರ್, ಎಲ್ಲದರಲ್ಲೂ ಶೋಭಾನೆ, ಒಗಟು, ಗಾದೆ ಎಂಬ ಅವೇ ಹೆಸರಿನ ಟೆಕ್ಸ್ಟ್ ಫೈಲುಗಳು. ಊರೂರಿನ ಶೋಭಾನೆಯೆಲ್ಲ ಒಂದೇ ಫೈಲಿಗೆ ಬರಬೇಕಿತ್ತು.

ಕೆಲಸ ಆಯ್ತು. ನೀವು ಹೇಳಿದ ಹಾಗೆ ಪೈಥಾನ್‌ನ ಆರ್‌ಗ್ಲಾಬ್‌ನಲ್ಲಿ (ಒಳಗಿನ ಫೋಲ್ಡರುಗಳನ್ನೂ ಜಾಲಾಡುವ ಕಮಾಂಡ್) ಫೈಲು ಹುಡುಕಿ, ಹೆಸರಿನ ಪ್ರಕಾರ ಗುಂಪು ಮಾಡಿ, ಪ್ರತಿಯೊಂದರ ಮೇಲೆ ಊರಿನ ಹೆಸರು ಹಾಕಿ ಬರೆಸಿದೆ. ಒಗಟು, ಗಾದೆ ಸರಾಗ. ಶೋಭಾನೆ ಮಾತ್ರ ಎರಡು ಫೈಲಾಗಿ ಬಂತು! ಕಣ್ಣಿಗೆ ಎರಡು ಹೆಸರೂ ಒಂದೇ. ಹೆಸರಿನಲ್ಲಿರುವ ಕೋಡುಗಳನ್ನು ಎಣಿಸುವ ಲೆನ್ ಹಾಕಿ ನೋಡಿದರೆ ಉದ್ದ ಬೇರೆ. ‘ಶೋ’ದಲ್ಲಿರುವ ಓಕಾರದ ಚಿಹ್ನೆ ಒಂದರಲ್ಲಿ ಒಂದೇ ಕೋಡ್, ಇನ್ನೊಂದರಲ್ಲಿ ಒಕಾರಕ್ಕೊಂದು, ದೀರ್ಘಕ್ಕೊಂದು. ಅಕ್ಷರಗಳಿಗೆ ಕೋಡ್ ಕೊಡುವ ಯೂನಿಕೋಡ್‌ನಲ್ಲಿ ಎರಡಕ್ಕೂ ಜಾಗ ಉಂಟು, ಗ್ರಹಚಾರ ನಮ್ಮದು. ಗುಂಪು ಮಾಡುವ ಮೊದಲೇ ಹೆಸರನ್ನು ಯೂನಿಕೋಡ್‌ಡೇಟಾದ ನಾರ್ಮಲೈಸ್‌ಗೆ ಎನ್‌ಎಫ್‌ಸಿ (ಬಿಡಿ ಕೋಡುಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುವ ಬಗೆ) ಅಂತ ಕೊಟ್ಟೆ, ಸರಿಹೋಯ್ತು.

ಔಟ್‌ಪುಟ್ ಫೋಲ್ಡರನ್ನು ಊರಿನ ಫೋಲ್ಡರುಗಳಿರುವ ಜಾಗದಿಂದ ಹೊರಗೇ ಇಡಿ, ಒಳಗಿದ್ದರೆ ಮರುಸಲ ಓಡಿಸುವಾಗ ಅದನ್ನೂ ಓದುತ್ತದೆ. ಪ್ರತಿ ಫೈಲಿನ ಕೊನೆಗೆ ಹೊಸ ಸಾಲು ಸೇರಿಸಿ. ಇಲ್ಲದಿದ್ದರೆ ಕುಂಬಳೆಯ ಕೊನೆಯ ಸಾಲಿಗೆ ಬದಿಯಡ್ಕ ಅಂಟಿಕೊಳ್ಳುತ್ತದೆ.

ಹೆಸರಿನಲ್ಲಿ ಅಕ್ಷರ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆ ಝಡ್‌ಡಬ್ಲ್ಯುಎನ್‌ಜೆ ಇದ್ದರೆ ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ, ರಿಪ್ಲೇಸ್ ಹಾಕಿಯೇ ತೆಗೆಯಬೇಕು.