ಅಪ್ಪನ ಮಾತ್ರೆಗೇ ತಿಂಗಳಿಗೆ 6 ಸಾವಿರ ಹೋಗುತ್ತಿದೆ, ಏನು ಮಾಡಲಿ?

ತಿಪಟೂರಿನವನು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಅಪ್ಪನಿಗೆ 67 ವರ್ಷ. ಶುಗರ್ ಬಂದು 14 ವರ್ಷ ಆಯಿತು, ಬಿಪಿ ಅದಕ್ಕಿಂತ ಹಳೆಯದು. ಎರಡೂವರೆ ವರ್ಷದ ಹಿಂದೆ ಎದೆನೋವು ಬಂದು ಬೆಂಗಳೂರಿಗೆ ಕರೆದುಕೊಂಡು ಹೋದೆವು, ಹೃದಯದ ರಕ್ತನಾಳ ಮುಚ್ಚದ ಹಾಗೆ ಹಿಡಿಯುವ ಒಂದು ಸ್ಟೆಂಟ್ (ಸಣ್ಣ ಕೊಳವೆ) ಹಾಕಿದರು. ಬಿಪಿಎಲ್ ಕಾರ್ಡ್ ಇದ್ದಿದ್ದರಿಂದ ಎಲ್ಲವೂ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲೇ ಆಯಿತು. ನಮ್ಮ ಕೈಯಿಂದ ಹೋಗಿದ್ದು ಬಸ್ ಚಾರ್ಜು, ಊಟ, ಎರಡು ರಾತ್ರಿ ರೂಮಿನ ಬಾಡಿಗೆ ಅಷ್ಟೇ. ಅದಕ್ಕೆ ನಾನು ಇವತ್ತಿಗೂ ಋಣಿ.

ಕಷ್ಟ ಶುರುವಾಗಿದ್ದು ಮನೆಗೆ ಬಂದ ಮೇಲೆ. ಹೃದಯದ ಡಾಕ್ಟರು ಒಂದು ಚೀಟಿ ಕೊಟ್ಟರು. ಶುಗರ್ ಡಾಕ್ಟರು ಇನ್ನೊಂದು. ಕಾಲು ಉರಿ ಅಂತ ಒಬ್ಬರ ಹತ್ತಿರ ಹೋದರೆ ಅವರು ನರದ ಮಾತ್ರೆ ಬರೆದರು. ನಿದ್ದೆ ಬರುತ್ತಿಲ್ಲ ಅಂದಾಗ ಇಲ್ಲೇ ಊರಿನ ಕ್ಲಿನಿಕ್‌ನಲ್ಲಿ ಅಲ್ಪ್ರಜೋಲಮ್ ಬರೆದುಕೊಟ್ಟರು. ಈಗ ಅಪ್ಪ ದಿನಕ್ಕೆ 13 ಮಾತ್ರೆ ನುಂಗುತ್ತಾರೆ. ಶುಗರ್‌ಗೆ ಎಂಪಾಗ್ಲಿಫ್ಲೋಜಿನ್ ಮತ್ತು ಮೆಟ್‌ಫಾರ್ಮಿನ್ ಇರುವ ಬೇರೆ ಎರಡು ಥರದ್ದು, ಬಿಪಿಗೆ ಟೆಲ್ಮಿಸಾರ್ಟನ್, ಬಿಪಿ ಮತ್ತು ಹೃದಯಕ್ಕೆ ಮೆಟೊಪ್ರೊಲಾಲ್, ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್, ರಕ್ತ ತೆಳು ಮಾಡುವ ಎರಡು, ಬೆಳಿಗ್ಗೆ ಖಾಲಿ ಹೊಟ್ಟೆಗೆ ಗ್ಯಾಸ್ಟ್ರಿಕ್‌ದು, ಆಮೇಲೆ ವಿಟಮಿನ್, ಹೀಗೆ. ಹೋದ ತಿಂಗಳ ಬಿಲ್ಲು 5,900. ನಮ್ಮದು ಒಂದೂವರೆ ಎಕರೆ ತೆಂಗು, ನಾನು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತೇನೆ. ನನಗೆ ಗೊತ್ತಾಗದ ಹಾಗೆ ಅಪ್ಪ ಕೆಲವು ಮಾತ್ರೆ ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದರು ಅಂತ ಮೊನ್ನೆ ಅಮ್ಮ ಹೇಳಿದರು. ಮಗನಿಗೆ ಭಾರ ಆಗುತ್ತೆ ಅಂತ. ಅದನ್ನು ಕೇಳಿ ಎರಡು ದಿನ ಊಟ ಸೇರಲಿಲ್ಲ.

ಜನೌಷಧಿ ಮಾತ್ರೆ ನಂಬಬಹುದಾ? ಇಷ್ಟೂ ಮಾತ್ರೆ ನಿಜವಾಗಿ ಬೇಕಾ? ಆಪರೇಷನ್‌ಗೆ ಲಕ್ಷ ಕೊಡುವ ಸರ್ಕಾರದ ಕಾರ್ಡು ಆ ಆಪರೇಷನ್ ಮತ್ತೆ ಆಗದ ಹಾಗೆ ಕಾಯುವ ಮಾತ್ರೆಗೆ ಯಾಕೆ ಬರುವುದಿಲ್ಲ? ತಿಳಿದವರು ಹೇಳಿ.

---

ಮೆಡಿಕಲ್_ದಾವಣಗೆರೆ

ತಮ್ಮಾ, ನಾನು 22 ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಅಪ್ಪ ಮಾತ್ರೆ ಬಿಟ್ಟು ಬಿಟ್ಟು ನುಂಗುವುದನ್ನು ಮೊದಲು ನಿಲ್ಲಿಸು. ಸ್ಟೆಂಟ್ ಇರುವವರು ರಕ್ತ ತೆಳು ಮಾಡುವ ಮಾತ್ರೆಯನ್ನು ತಾವಾಗಿ ತಪ್ಪಿಸಬಾರದು, ಉಳಿದ ಲೆಕ್ಕ ಆಮೇಲೆ.

ಈಗ ದುಡ್ಡಿನ ವಿಷಯ. ನಿನ್ನ ಪಟ್ಟಿಯಲ್ಲಿ ಎಂಪಾಗ್ಲಿಫ್ಲೋಜಿನ್ ಇದೆಯಲ್ಲ, ಅದರ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿಯಿತು. ಅಲ್ಲಿಯವರೆಗೆ ಒಂದು ಮಾತ್ರೆಗೆ 60 ರೂಪಾಯಿ ಆಸುಪಾಸು ಇತ್ತು. ಮುಗಿದ ತಕ್ಷಣ ನಮ್ಮ ದೇಶದ ಎಷ್ಟೋ ಕಂಪನಿಗಳು ಅದನ್ನೇ ಮಾಡಿ ತಂದವು, ಈಗ 10 ರೂಪಾಯಿ ಆಸುಪಾಸಿಗೆ, ಕೆಲವು ಕಡೆ ಅದಕ್ಕಿಂತ ಕಡಿಮೆಗೂ ಸಿಗುತ್ತದೆ. ನೀನು ಇನ್ನೂ ಹಳೆಯ ಚೀಟಿ ತೋರಿಸಿ ಹಳೆಯ ಬ್ರ್ಯಾಂಡೇ ತರುತ್ತಿದ್ದರೆ ಅದೊಂದರಲ್ಲೇ ತಿಂಗಳಿಗೆ ಸಾವಿರದ ಐನೂರು ಹೋಗುತ್ತಿದೆ.

ಅಂಗಡಿಯವನು ಯಾಕೆ ಹೇಳಲಿಲ್ಲ ಅಂತ ಕೇಳಬಹುದು. ಚೀಟಿಯಲ್ಲಿ ಬ್ರ್ಯಾಂಡ್ ಹೆಸರು ಬರೆದಿದ್ದರೆ ಅದನ್ನು ಬದಲಿಸಿ ಕೊಡುವ ಅಧಿಕಾರ ನಮಗೆ ಕಾನೂನಿನಲ್ಲಿ ಇಲ್ಲ. ಅದಕ್ಕೇ ಡಾಕ್ಟರ ಹತ್ತಿರವೇ "ಸಾರ್, ಔಷಧಿ ಹೆಸರು ಬರೆದುಕೊಡಿ" ಅಂತ ಕೇಳಬೇಕು. ಜನೆರಿಕ್ ಹೆಸರು, ಅಂದರೆ ಬ್ರ್ಯಾಂಡ್ ಬಿಟ್ಟು ಒಳಗಿರುವ ಔಷಧಿಯ ಹೆಸರು ಬರೆಯಬೇಕು ಅಂತ ಮೆಡಿಕಲ್ ಕೌನ್ಸಿಲ್ 2016ರಲ್ಲೇ ನಿಯಮ ಮಾಡಿದೆ. 2023ರ ಆಗಸ್ಟ್‌ನಲ್ಲಿ ಅದನ್ನೇ ಇನ್ನೂ ಬಿಗಿ ಮಾಡಿ ಹೊಸ ನಿಯಮ ತಂದರು, ಡಾಕ್ಟರುಗಳು ಒಪ್ಪಲಿಲ್ಲ, ಅದೇ ತಿಂಗಳು ತಡೆಹಿಡಿದರು. ಹಾಗಾಗಿ ನಿಯಮ ಇದೆ, ಬರೆಯುವವರು ಕಡಿಮೆ.

ಇನ್ನೊಂದು ಮಾತು, ನಮ್ಮ ವ್ಯಾಪಾರದವರಿಗೆ ಇಷ್ಟ ಆಗಲಿಕ್ಕಿಲ್ಲ. ಜನೆರಿಕ್ ಅಂದರೆ ಅಗ್ಗ ಅಂತ ತಿಳಿಯಬೇಡ. ಕೆಲವು ಜನೆರಿಕ್ ಸ್ಟ್ರಿಪ್ ನಮ್ಮ ಕೈಗೆ 15 ರೂಪಾಯಿಗೆ ಬರುತ್ತದೆ, ಮೇಲೆ ಎಂಆರ್‌ಪಿ 90 ಅಂತ ಹೊಡೆದಿರುತ್ತಾರೆ. 20 ಪರ್ಸೆಂಟ್ ಡಿಸ್ಕೌಂಟ್ ಕೊಟ್ಟರೆ ಗಿರಾಕಿಗೆ ಖುಷಿ, ಆದರೆ ಲಾಭ ಎಲ್ಲಿ ಹೋಯಿತು ನೋಡು. ಡಿಸ್ಕೌಂಟ್ ನೋಡಬೇಡ, ಕೊನೆಗೆ ಕೊಟ್ಟ ದುಡ್ಡು ನೋಡು. ಜನೌಷಧಿಯಲ್ಲಿ ಈ ಆಟ ಇಲ್ಲ, ಅಚ್ಚಾದ ಬೆಲೆಯೇ ಕಡಿಮೆ. ಸ್ಟಾಕ್ ಮಾತ್ರ ಯಾವಾಗಲೂ ಇರುವುದಿಲ್ಲ, ಆದ್ದರಿಂದ ಮಾತ್ರೆ ಮುಗಿಯುವ ಹತ್ತು ದಿನ ಮೊದಲೇ ಹೋಗು.

ತರುವಾಗ ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದು. ಔಷಧಿ ಅದೇ ಇರಬೇಕು, ಮಿಲಿಗ್ರಾಮ್ ಅದೇ ಇರಬೇಕು, ಎಸ್ಆರ್ ಅಥವಾ ಇಆರ್ (ಔಷಧಿಯನ್ನು ನಿಧಾನವಾಗಿ ಬಿಡುವ ಮಾತ್ರೆ) ಅಂತ ಇದ್ದರೆ ಅದೂ ಅದೇ ಇರಬೇಕು. ಮೆಟೊಪ್ರೊಲಾಲ್‌ನಲ್ಲಿ ಇದನ್ನು ಜನ ಜಾಸ್ತಿ ತಪ್ಪು ಮಾಡುತ್ತಾರೆ. ಥೈರಾಯ್ಡ್ ಮತ್ತು ಫಿಟ್ಸ್ ಮಾತ್ರೆ ಯಾರಿಗಾದರೂ ಇದ್ದರೆ ಡಾಕ್ಟರಿಗೆ ಹೇಳದೆ ಕಂಪನಿ ಬದಲಿಸಬೇಡಿ.

---

ಹೊಸಪೇಟೆ_ಮಗಳು

ಅಂಗಡಿ ಅಣ್ಣನವರು ಹೇಳಿದ್ದು ಸರಿ ಇರಬಹುದು, ಆದರೆ ನನಗೆ ಭಯ ಇದೆ, ಅದನ್ನು ಹೇಳಿಬಿಡುತ್ತೇನೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡರಲ್ಲ, ಆಗ ಡ್ರಿಪ್ ಹಾಕುವ ದ್ರಾವಣದ ಮೇಲೇ ಅನುಮಾನ ಬಂದು ಸರ್ಕಾರ ಅದನ್ನು ನಿಲ್ಲಿಸಿತು. ನಮ್ಮ ಪಕ್ಕದ ಜಿಲ್ಲೆ. ಆಗ ನನ್ನ ತಂಗಿ ಏಳು ತಿಂಗಳ ಬಸುರಿ. ಆವತ್ತಿನಿಂದ ಸರ್ಕಾರಿ ಔಷಧಿ, ಅಗ್ಗದ ಔಷಧಿ ಅಂದರೆ ಕೈ ಮುಂದೆ ಹೋಗುವುದಿಲ್ಲ. ದುಡ್ಡು ಉಳಿಸಲು ಹೋಗಿ ಜೀವ ಕಳೆದುಕೊಂಡರೆ? ಅಮ್ಮನಿಗೆ ಸಾಲ ಮಾಡಿಯಾದರೂ ಕಂಪನಿ ಮಾತ್ರೆಯನ್ನೇ ತರುತ್ತೇನೆ.

---

ಮೆಡಿಕಲ್_ದಾವಣಗೆರೆ

ನಿಮ್ಮ ಭಯ ಸುಳ್ಳಲ್ಲ ಅಮ್ಮ. ಆ ಸುದ್ದಿ ಓದಿ ನನಗೂ ನಿದ್ದೆ ಬರಲಿಲ್ಲ. ಆದರೆ ಪರೀಕ್ಷೆಯಲ್ಲಿ ಫೇಲಾದ ಔಷಧಿಗಳ ಪಟ್ಟಿಯನ್ನು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಹಾಕುತ್ತದೆ. ಅದನ್ನು ನಾನು ನೋಡುತ್ತಿರುತ್ತೇನೆ. ಅದರಲ್ಲಿ ಹೆಸರು ಮಾಡಿದ ಕಂಪನಿಗಳ ಬ್ಯಾಚುಗಳೂ ಬರುತ್ತವೆ. ಬೆಲೆ ಜಾಸ್ತಿ ಕೊಟ್ಟರೆ ಗುಣಮಟ್ಟ ಖಾತ್ರಿ ಅನ್ನುವುದು ನಮ್ಮ ನಂಬಿಕೆ ಮಾತ್ರ. ಪರೀಕ್ಷೆ ಜಾಸ್ತಿ ಆಗಬೇಕು, ಬೇಗ ಆಗಬೇಕು, ಫೇಲಾದ ಬ್ಯಾಚ್ ಅಂಗಡಿಯಿಂದ ಅವತ್ತೇ ವಾಪಸ್ ಹೋಗಬೇಕು. ಈಗ ವರದಿ ಬರುವ ಹೊತ್ತಿಗೆ ಎಷ್ಟೋ ಸಲ ಮಾಲು ಮಾರಾಟವೇ ಆಗಿ ಹೋಗಿರುತ್ತದೆ. ನನ್ನ ಸಿಟ್ಟು ಅದರ ಮೇಲೆ.

ಸಾಲ ಮಾಡುವ ಬದಲು ಹೀಗೆ ಮಾಡಿ. ಬದಲಿಸಿದ ಮೇಲೆ ಬಿಪಿ ವಾರಕ್ಕೆ ಎರಡು ಸಲ ನೋಡಿ ಬರೆದಿಡಿ, ಶುಗರ್‌ಗೆ ಮೂರು ತಿಂಗಳಿಗೆ ಎಚ್‌ಬಿಎ1ಸಿ (ಕಳೆದ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ. ಮಾತ್ರೆ ಕೆಲಸ ಮಾಡುತ್ತಿದೆಯೋ ಇಲ್ಲವೋ ನಿಮ್ಮ ಅಮ್ಮನ ರಕ್ತವೇ ಹೇಳುತ್ತದೆ.

---

ತಾಲ್ಲೂಕು_ಸಿಸ್ಟರ್

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ತಿಪಟೂರಿನ ತಮ್ಮ ಕೇಳಿದ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನನ್ನ ಪ್ರಕಾರ ಅದೇ ಮುಖ್ಯ. ಇಷ್ಟೂ ಮಾತ್ರೆ ಬೇಕಾ?

ನಮ್ಮಲ್ಲಿ ಬಿಪಿ ಶುಗರ್‌ಗೆ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್ ಇದೆ. ಬಂದವರಿಗೆ ನಾನು "ಚೀಟಿ ಬೇಡ, ಮನೆಯಲ್ಲಿರುವ ಮಾತ್ರೆ ಎಲ್ಲಾ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ" ಅಂತ ಹೇಳುತ್ತೇನೆ. ಚೀಲ ಬಿಚ್ಚಿ ಟೇಬಲ್ ಮೇಲೆ ಹರಡಿದರೆ ಕಾಣುವುದೇ ಬೇರೆ. ಹೋದ ವರ್ಷ ಒಬ್ಬ ಅಜ್ಜಿ ಬಂದಿದ್ದರು, ಎದ್ದು ನಿಂತರೆ ತಲೆ ಸುತ್ತಿ ಬೀಳುತ್ತಿದ್ದರು, ಎರಡು ಸಲ ಸ್ಕ್ಯಾನಿಂಗ್ ಮಾಡಿಸಿ ದುಡ್ಡು ಕಳೆದಿದ್ದರು. ಚೀಲದಲ್ಲಿ ಟೆಲ್ಮಿಸಾರ್ಟನ್ ಎರಡು ಹೆಸರಿನಲ್ಲಿ ಇತ್ತು. ಒಬ್ಬ ಡಾಕ್ಟರು ಬರೆದಿದ್ದು ಒಂದು ಬ್ರ್ಯಾಂಡ್, ಇನ್ನೊಬ್ಬರು ಬರೆದಿದ್ದು ಇನ್ನೊಂದು. ಡಬ್ಬಿಯ ಬಣ್ಣ ಬೇರೆ, ಹೆಸರು ಬೇರೆ, ಒಳಗಿರುವುದು ಒಂದೇ. ಪಾಪ, ಹೇಳಿದ್ದನ್ನು ತಪ್ಪದೆ ನುಂಗಿದ್ದೇ ಅವರ ತಪ್ಪಾಗಿತ್ತು. ನಮ್ಮ ಡಾಕ್ಟರು ಒಂದನ್ನು ನಿಲ್ಲಿಸಿದರು, ಹದಿನೈದು ದಿನದಲ್ಲಿ ಅಜ್ಜಿ ತಾವೇ ನಡೆದುಕೊಂಡು ಬಂದರು.

ಡಾಕ್ಟರುಗಳನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಒಪಿಡಿಯಲ್ಲಿ ಒಬ್ಬರಿಗೆ ಮೂರು ನಿಮಿಷ ಸಿಕ್ಕರೆ ದೊಡ್ಡದು. ಹೊಸದೊಂದು ಸೇರಿಸುವುದಕ್ಕೆ ಅರ್ಧ ನಿಮಿಷ ಸಾಕು. ಇನ್ನೊಬ್ಬರು ಬರೆದಿದ್ದನ್ನು ತೆಗೆಯಬೇಕಾದರೆ ಹಳೆಯ ಫೈಲ್ ನೋಡಬೇಕು, ಯೋಚಿಸಬೇಕು, ಏನಾದರೂ ಆದರೆ ಹೊಣೆ ಹೊರಬೇಕು. ಹಾಗಾಗಿ ಮಾತ್ರೆ ಸೇರುತ್ತಾ ಹೋಗುತ್ತದೆ, ಕಡಿಮೆ ಆಗುವುದಿಲ್ಲ.

ನಿಮ್ಮ ಪಟ್ಟಿಯಲ್ಲಿ ನನಗೆ ಕಂಡ ಪ್ರಶ್ನೆಗಳು. ರಕ್ತ ತೆಳು ಮಾಡುವ ಮಾತ್ರೆ ಎರಡು ಇದೆ. ಸ್ಟೆಂಟ್ ಆದ ಮೇಲೆ ಸಾಮಾನ್ಯವಾಗಿ ಒಂದು ವರ್ಷದ ಹೊತ್ತಿಗೆ ಎರಡರಲ್ಲಿ ಒಂದನ್ನು ನಿಲ್ಲಿಸಬಹುದಾ ಅಂತ ನೋಡುತ್ತಾರೆ, ಕೆಲವರಿಗೆ ಮುಂದುವರಿಸುತ್ತಾರೆ. ನಿಮಗೆ ಎರಡೂವರೆ ವರ್ಷ ಆಗಿದೆ. ಯಾರಾದರೂ ನೋಡಿದ್ದಾರಾ? ಗ್ಯಾಸ್ಟ್ರಿಕ್ ಮಾತ್ರೆಯೂ ಇದರ ಜೊತೆ ಸೇರಿದ್ದು, ಎರಡು ರಕ್ತದ ಮಾತ್ರೆ ಇರುವಾಗ ಹೊಟ್ಟೆಯಲ್ಲಿ ರಕ್ತಸ್ರಾವ ಆಗದಿರಲಿ ಅಂತ ಅದನ್ನು ಕೊಡುತ್ತಾರೆ. ಸುಮ್ನೆ ಬರೆದಿದ್ದಲ್ಲ, ಹಾಗಾಗಿ ನೀವಾಗಿ ಬಿಡಬೇಡಿ. ಆದರೆ ಕಾರಣ ಹೋದ ಮೇಲೂ ಜನ ಅದನ್ನು ವರ್ಷಗಟ್ಟಲೆ ನುಂಗುತ್ತಾರೆ. ಜಾಸ್ತಿ ವರ್ಷ ತೆಗೆದುಕೊಂಡರೆ ಬಿ12 ಕಡಿಮೆ ಆಗಬಹುದು, ಮೆಟ್‌ಫಾರ್ಮಿನ್‌ನಿಂದಲೂ ಬಿ12 ಕಡಿಮೆ ಆಗುತ್ತದೆ, ಬಿ12 ಕಡಿಮೆ ಆದರೆ ಕಾಲು ಉರಿ ಬರುತ್ತದೆ. ಅಪ್ಪನ ಕಾಲು ಉರಿ ಶುಗರ್‌ನಿಂದಲೇ ಇರಬಹುದು, ಆದರೂ ಒಮ್ಮೆ ಬಿ12 ಪರೀಕ್ಷೆ ಮಾಡಿಸಿ. ಮೆಟ್‌ಫಾರ್ಮಿನ್ ಎರಡು ಕಡೆಯಿಂದ ಬರುತ್ತಿದೆ ಅಂದಿರಲ್ಲ, ಒಟ್ಟು ಎಷ್ಟಾಯಿತು ಅಂತ ಕೇಳಿ, ಜೊತೆಗೆ ಕಿಡ್ನಿಯ ಕ್ರಿಯಾಟಿನಿನ್ ನೋಡಿಸಿ.

ಮತ್ತೆ, ಮೆಟ್‌ಫಾರ್ಮಿನ್ ಮತ್ತು ಬಿಪಿಯ ಸಾಮಾನ್ಯ ಮಾತ್ರೆಗಳು ಪಿಎಚ್‌ಸಿಯಲ್ಲೇ (ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ) ಪುಕ್ಕಟೆ ಸಿಗುತ್ತವೆ. ಒಂದೊಂದು ತಿಂಗಳು ಇರುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯದಲ್ಲಿ ಮನೆಗೇ ಬಂದು ಬಿಪಿ ಶುಗರ್ ನೋಡಿ ಮಾತ್ರೆ ಕೊಡುವ ಏರ್ಪಾಡು ಮಾಡಿದ್ದಾರೆ. ನಿಮ್ಮ ಆಶಾ ಅಕ್ಕನನ್ನು ಕೇಳಿ.

---

ಜಯನಗರದ_ಓದುಗಿ

ಕಾರ್ಡು ಮಾತ್ರೆಗೆ ಯಾಕೆ ಬರುವುದಿಲ್ಲ ಅನ್ನುವ ಮೂರನೇ ಪ್ರಶ್ನೆಗೆ ನನ್ನ ಉತ್ತರ. ನಾನು ಡಾಕ್ಟರ್ ಅಲ್ಲ, ವಿಮೆಯ ಲೆಕ್ಕಪತ್ರದ ಕೆಲಸ ಮಾಡಿದವಳು.

ನಮ್ಮ ಯೋಜನೆಗಳೆಲ್ಲ ಹುಟ್ಟಿದ್ದೇ ಆಸ್ಪತ್ರೆಗೆ ಸೇರುವ ಖರ್ಚಿಗೆ. 2003ರ ಯಶಸ್ವಿನಿ ರೈತರ ಆಪರೇಷನ್‌ಗೆ ಬಂತು, 2010ರ ವಾಜಪೇಯಿ ಆರೋಗ್ಯಶ್ರೀ ದೊಡ್ಡ ಕಾಯಿಲೆಗೆ ಬಂತು, 2018ರಲ್ಲಿ ಆರೋಗ್ಯ ಕರ್ನಾಟಕ, ಆಮೇಲೆ ಆಯುಷ್ಮಾನ್ ಜೊತೆ ಸೇರಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಇದರಿಂದ ಮನೆ ಮಾರುವುದು ತಪ್ಪಿದವರು ಎಷ್ಟೋ ಜನ ಇದ್ದಾರೆ. ದೇಶದಲ್ಲಿ ಆರೋಗ್ಯಕ್ಕೆ ಆಗುವ ಒಟ್ಟು ಖರ್ಚಿನಲ್ಲಿ ಜನ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ 64 ಪರ್ಸೆಂಟ್ ಇತ್ತು, 2021-22ಕ್ಕೆ 39ಕ್ಕೆ ಇಳಿಯಿತು ಅಂತ ಸರ್ಕಾರದ ಲೆಕ್ಕ. ಸರಿ, ಇಳಿಯಿತು. ಆದರೆ ತಿಂಗಳು ತಿಂಗಳು ಹೋಗುವ ಆರು ಸಾವಿರಕ್ಕೆ ಯಾವ ಕಾರ್ಡೂ ಇಲ್ಲ. ಲಕ್ಷದ ಬಿಲ್ಲು ಎಲ್ಲರ ಕಣ್ಣಿಗೆ ಬೀಳುತ್ತದೆ. ಇದು ಯಾರಿಗೂ ಕಾಣದೆ ವರ್ಷಕ್ಕೆ 70 ಸಾವಿರ ದಾಟುತ್ತದೆ.

ಬೆಲೆ ಕಟ್ಟಿಹಾಕುವುದಕ್ಕೆ ಸರ್ಕಾರಕ್ಕೆ ಆಗುವುದಿಲ್ಲ ಅಂತಲ್ಲ. 2017ರ ಫೆಬ್ರವರಿಯಲ್ಲಿ ಸ್ಟೆಂಟಿಗೆ ಮಿತಿ ಹಾಕಿದರು, ಲಕ್ಷ ದಾಟುತ್ತಿದ್ದ ಔಷಧಿ ಲೇಪದ ಸ್ಟೆಂಟ್ 30 ಸಾವಿರದ ಒಳಗೆ ಬಂತು. ಸರ್ಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾತ್ರೆಗಳಿಗೆ ಮಿತಿ ಹಾಕುವ ರೀತಿ ಬೇರೆ. 2013ರ ಔಷಧಿ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಮಾರುಕಟ್ಟೆಯಲ್ಲಿ ಒಂದು ಪರ್ಸೆಂಟಾದರೂ ಪಾಲಿರುವ ಬ್ರ್ಯಾಂಡ್‌ಗಳ ಬೆಲೆ ಕೂಡಿಸಿ ಸರಾಸರಿ ತೆಗೆದು, ಅದರ ಮೇಲೆ ಅಂಗಡಿಯವರ 16 ಪರ್ಸೆಂಟ್ ಸೇರಿಸುತ್ತಾರೆ. ತಯಾರಿಸಲು ಎಷ್ಟು ಬಿತ್ತು ಅಂತ ಯಾರೂ ಕೇಳುವುದಿಲ್ಲ. ಮಾರುಕಟ್ಟೆಯೇ ದುಬಾರಿ ಇದ್ದರೆ ಸರಾಸರಿಯೂ ದುಬಾರಿ, ಅಲ್ವಾ? ಈ ಪಟ್ಟಿಯಲ್ಲಿ ಇಲ್ಲದ ಔಷಧಿಗಳಿಗಂತೂ ಕಂಪನಿ ವರ್ಷಕ್ಕೆ 10 ಪರ್ಸೆಂಟ್ ಏರಿಸಬಹುದು. 2025ರ ಸೆಪ್ಟೆಂಬರ್‌ನಲ್ಲಿ ಔಷಧಿಯ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು, ಅಷ್ಟು ಹಗುರ ಆಯಿತು.

ನಮ್ಮ ರಾಜ್ಯದಲ್ಲಿ 2017ರಲ್ಲಿ ಖಾಸಗಿ ಆಸ್ಪತ್ರೆಗಳ ದರಕ್ಕೆ ಕಡಿವಾಣ ಹಾಕಲು ರಮೇಶ್ ಕುಮಾರ್ ಮಂತ್ರಿಯಾಗಿದ್ದಾಗ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಗೆ ತಿದ್ದುಪಡಿ ತಂದರು. ನವೆಂಬರ್‌ನಲ್ಲಿ ಡಾಕ್ಟರುಗಳು ಮುಷ್ಕರ ಹೂಡಿದರು. ಕೊನೆಗೆ ಸರ್ಕಾರಿ ಯೋಜನೆಗಳ ದರಕ್ಕೆ ಮಾತ್ರ ಸೀಮಿತ ಆಯಿತು. ಆ ದಿನ ನಾವು ರೋಗಿಗಳ ಕಡೆಯವರು ಬೀದಿಗೆ ಬರಲಿಲ್ಲ. ನಾನೂ ಬರಲಿಲ್ಲ, ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ತಮಿಳುನಾಡು 1995ರಿಂದಲೇ ಒಂದು ನಿಗಮದ ಮೂಲಕ ಔಷಧಿಯನ್ನು ಒಟ್ಟಿಗೆ ಕೊಂಡು ಎಲ್ಲಾ ಸರ್ಕಾರಿ ಆಸ್ಪತ್ರೆಗೆ ಹಂಚುತ್ತಿದೆ. ರಾಜಸ್ಥಾನ 2011ರ ಅಕ್ಟೋಬರ್ 2ರಿಂದ ಸರ್ಕಾರಿ ಆಸ್ಪತ್ರೆಗೆ ಬಂದವರಿಗೆ ಉಚಿತ ಔಷಧಿ ಯೋಜನೆ ತಂದಿತು. ನಮ್ಮ ಸರ್ಕಾರವೂ 2025ರಲ್ಲಿ ಸರ್ಕಾರಿ ಆಸ್ಪತ್ರೆ ಆವರಣದ ಜನೌಷಧಿ ಕೇಂದ್ರ ಮುಚ್ಚಲು ಹೊರಟಾಗ "ಒಳಗೆ ಪುಕ್ಕಟೆ ಕೊಡುತ್ತೇವಲ್ಲ" ಅಂತ ಕಾರಣ ಕೊಟ್ಟಿತು, ವಿಷಯ ಹೈಕೋರ್ಟಿಗೆ ಹೋಯಿತು. ಒಳಗೆ ಮಾತ್ರೆ ನಿಜವಾಗಿ ವರ್ಷ ಪೂರ್ತಿ ಇದ್ದರೆ ನನಗೆ ಒಪ್ಪಿಗೆ. ಮೊದಲು ಅದನ್ನು ತುಂಬಿಸಲಿ.

---

ತಿಪಟೂರಿನವನು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಸಿಸ್ಟರ್ ಅಕ್ಕ ಹೇಳಿದ ಹಾಗೆ ಚೀಲ ತೆಗೆದುಕೊಂಡು ಹೋದೆ. ಹೃದಯದ ಡಾಕ್ಟರು ಇಸಿಜಿ, ಎಕೋ ನೋಡಿ ರಕ್ತ ತೆಳು ಮಾಡುವ ಎರಡರಲ್ಲಿ ಕ್ಲೋಪಿಡೋಗ್ರೆಲ್ ನಿಲ್ಲಿಸಿದರು, ಆಸ್ಪಿರಿನ್ ಇರಲಿ ಅಂದರು. ಗ್ಯಾಸ್ಟ್ರಿಕ್ ಮಾತ್ರೆಯನ್ನು ದಿನ ಬಿಟ್ಟು ದಿನ ಮಾಡಿ ಒಂದು ತಿಂಗಳು ನೋಡೋಣ ಅಂದರು. ಬಿ12 ಕಡಿಮೆ ಇತ್ತು! ಅದಕ್ಕೆ ಇಂಜೆಕ್ಷನ್ ಶುರು ಮಾಡಿದ್ದಾರೆ. ಎರಡು ವಿಟಮಿನ್ ಡಬ್ಬಿ ತೆಗೆದುಹಾಕಿದರು. ಎಲ್ಲವನ್ನೂ ಔಷಧಿ ಹೆಸರಿನಲ್ಲಿ ಒಂದೇ ಚೀಟಿಯಲ್ಲಿ ಬರೆಸಿಕೊಂಡೆ, ಕೇಳಿದಾಗ ಸಿಟ್ಟು ಮಾಡಲಿಲ್ಲ. ಈ ತಿಂಗಳ ಬಿಲ್ಲು 1,750. ಅದನ್ನು ಅಪ್ಪನ ಕೈಗೆ ಕೊಟ್ಟು "ಇನ್ನು ಒಂದು ಮಾತ್ರೆಯನ್ನೂ ತಪ್ಪಿಸಬಾರದು" ಅಂದೆ. ತಲೆ ಆಡಿಸಿದರು.

ಒಂದು ಉಳಿದಿದೆ. ನಿದ್ದೆ ಮಾತ್ರೆ. ಡಾಕ್ಟರು ಅದನ್ನೂ ಬಿಡಿಸೋಣ ಅಂದಿದ್ದಾರೆ. ಅಪ್ಪ ಹಠ ಮಾಡಿ ಮೊನ್ನೆ ತಾವೇ ಪೂರ್ತಿ ನಿಲ್ಲಿಸಿದರು, ಎರಡು ರಾತ್ರಿ ನಿದ್ದೆ ಇಲ್ಲ, ಕೈ ನಡುಕ, ಸಿಡಿಮಿಡಿ. ಇದು ಸರಿ ಹೋಗುತ್ತಾ?

---

ತಾಲ್ಲೂಕು_ಸಿಸ್ಟರ್

ತಮ್ಮಾ, ಇವತ್ತೇ ಡಾಕ್ಟರಿಗೆ ಫೋನ್ ಮಾಡು, ನಾಳೆ ಅನ್ನಬೇಡ. ಇಷ್ಟು ಕಾಲ ತೆಗೆದುಕೊಂಡ ಅಲ್ಪ್ರಜೋಲಮ್ ಅನ್ನು ಒಮ್ಮೆಲೇ ನಿಲ್ಲಿಸಬಾರದು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ, ವಾರಗಳು ಹಿಡಿಯುತ್ತವೆ, ಕೆಲವರಿಗೆ ತಿಂಗಳುಗಳು. ಎಷ್ಟರಿಂದ ಎಷ್ಟಕ್ಕೆ ಅಂತ ಡಾಕ್ಟರೇ ಬರೆದುಕೊಡಬೇಕು. ಈಗ ನಿಲ್ಲಿಸಿರುವುದರಿಂದ ಮತ್ತೆ ಶುರು ಮಾಡಬೇಕಾ ಅಂತಲೂ ಅವರನ್ನೇ ಕೇಳು. ಫೋನ್ ಸಿಗದಿದ್ದರೆ, ಅಥವಾ ನಡುಕ ಜಾಸ್ತಿ ಆದರೆ, ಮಾತು ಗೊಂದಲ ಆದರೆ ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗು.

ಅಪ್ಪ ಮಧ್ಯಾಹ್ನ ಎಷ್ಟು ಹೊತ್ತು ಮಲಗುತ್ತಾರೆ? ಸಂಜೆ ಎಷ್ಟು ಹೊತ್ತಿಗೆ ಕಾಫಿ ಕುಡಿಯುತ್ತಾರೆ? ಅದನ್ನು ಇಲ್ಲಿ ಬರಿ, ಆಮೇಲೆ ಮಾತಾಡೋಣ. ಮೊದಲು ಫೋನ್ ಮಾಡು.