ಕಂಬದ ಮೇಲಿನ ಆ ಗುಮ್ಮಟ ಯಾರ ಕಣ್ಣು?

ಪ್ರಶ್ನೆ (ನಿವಾಸಿಗಳ ಸಂಘದ ಕಾರ್ಯದರ್ಶಿ): ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನಮ್ಮ ಬಡಾವಣೆಯ ಬೀದಿದೀಪದ ಕಂಬಗಳಿಗೆಲ್ಲ ಸೆನ್ಸರ್, ಕ್ಯಾಮೆರಾ ಬಂದಿವೆ. ಖಾಸಗಿತನದ ಬಗ್ಗೆ ಜಾಗೃತಿ ಸಭೆ ಕರೆದೆವು. ಬಂದವರು ಒಂಬತ್ತು ಜನ, ಅವರಲ್ಲಿ ಇಬ್ಬರು ತೂಕಡಿಸಿದರು. ಉಳಿದವರದು ಒಂದೇ ಮಾತು: "ನಾವೇನು ಕಳ್ಳರೇ, ಬಚ್ಚಿಡಲು?" ಇದಕ್ಕೆ ಏನು ಹೇಳಬೇಕು ಸರ್?

ಉತ್ತರ (ದತ್ತಾಂಶ ಸಂರಕ್ಷಣಾ ಸಲಹೆಗಾರ): ಆ ಮಾತಿನ ಜೊತೆ ವಾದಕ್ಕೆ ಇಳಿಯಬೇಡಿ. ವರ್ಷಗಟ್ಟಲೆ ಸ್ಲೈಡು ತೋರಿಸಿ ಸೋತವನು ನಾನು. ಖಾಸಗಿತನ ಎಂದೊಡನೆ ಜನರಿಗೆ ಗುಟ್ಟು ನೆನಪಾಗುತ್ತದೆ, ಗುಟ್ಟು ಎಂದೊಡನೆ ತಪ್ಪು. ಸಭಾಂಗಣ ಬಿಟ್ಟು, ಸಂಜೆ ಹತ್ತು ಜನರನ್ನು ಬೀದಿಗೆ ಕರೆದೊಯ್ಯಿರಿ. ಕಂಬದ ಕೆಳಗೆ ನಿಂತು ಕತ್ತೆತ್ತಿ ನೋಡಲು ಹೇಳಿ. ಹೀಗೇ ಒಂದು ನಡಿಗೆಯಲ್ಲಿ, ಬಟ್ಟಲು ಮಗುಚಿಟ್ಟಂತಿದ್ದ ಕಪ್ಪು ಗುಮ್ಮಟವನ್ನು ತೋರಿಸಿದಾಗ ಹಿರಿಯರೊಬ್ಬರು, "ಇದು ದೀಪದ್ದೇ ಭಾಗ ಎಂದುಕೊಂಡಿದ್ದೆ" ಎಂದರು. ಅದರ ನೇರಕ್ಕೆ ತಮ್ಮ ಮನೆಯ ಬಾಗಿಲಿರುವುದು ಕಂಡಿತು. "ಇದನ್ನು ಕೂತು ನೋಡುವವರು ಯಾರು?" ಎಂದು ಅವರೇ ಕೇಳಿದರು. ಆಮೇಲೆ ನನಗೆ ಹೆಚ್ಚು ಕೆಲಸ ಉಳಿಯಲಿಲ್ಲ.

ಏನು ದಾಖಲಾಗುತ್ತದೆ, ಎಷ್ಟು ದಿನ ಇರುತ್ತದೆ ಎಂಬ ಪ್ರಶ್ನೆಗಳನ್ನೂ ಜನರಿಂದಲೇ ಕೇಳಿಸಿ. ಆದರೆ ನಾನು ಹೆಚ್ಚು ಒತ್ತುವುದು ಇನ್ನೊಂದನ್ನು: ನಾಳೆ ಇದನ್ನು ಬೇರೆ ಕೆಲಸಕ್ಕೆ ಬಳಸಿದರೆ ನಮಗೆ ಹೇಳುತ್ತಾರೆಯೇ? ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 2016ರಲ್ಲಿ ಒಪ್ಪಿಗೆ ಪಡೆದ ಸ್ಮಾರ್ಟ್ ಬೀದಿದೀಪಗಳು ವಿದ್ಯುತ್ ಉಳಿಸಲು, ವಾಹನ ಎಣಿಸಲು ಎಂದು ಬಂದವು. ಮೂರು ಸಾವಿರಕ್ಕೂ ಹೆಚ್ಚು ದೀಪಗಳಲ್ಲಿ ಕ್ಯಾಮೆರಾ ಇತ್ತು. ಪೊಲೀಸರು ತನಿಖೆಗೆ ಆ ದೃಶ್ಯಗಳನ್ನು ತೆಗೆದುಕೊಳ್ಳುತ್ತಿದ್ದಾರೆ ಎಂಬುದು ಬಹುತೇಕ ನಿವಾಸಿಗಳಿಗೆ ತಿಳಿದದ್ದು 2019ರಲ್ಲಿ. ಜನ ತಿರುಗಿಬಿದ್ದರು, ಮರುವರ್ಷ ಮೇಯರ್ ಕ್ಯಾಮೆರಾಗಳನ್ನು ನಿಲ್ಲಿಸಲು ಹೇಳಬೇಕಾಯಿತು. ಅಪರಾಧಿಯನ್ನು ಹಿಡಿಯಬಾರದು ಎಂದು ಅಲ್ಲಿ ಜಗಳವಾಗಲಿಲ್ಲ, ನಮ್ಮನ್ನು ಕೇಳಲಿಲ್ಲವಲ್ಲ ಎಂದು ಆಯಿತು. ಕಳ್ಳರ ಮಾತೆತ್ತುವವರಿಗೆ ಇದನ್ನೇ ಹೇಳಿ.

ಇನ್ನೊಬ್ಬ ಸದಸ್ಯೆ: ಹೆಸರು, ಮುಖ ಎರಡನ್ನೂ ತೆಗೆದು ಬರೀ ಓಡಾಟವನ್ನು ಇಟ್ಟುಕೊಳ್ಳುತ್ತಾರಂತೆ. ಆಗಲೂ ಭಯವೇ?

ಉತ್ತರ: ಎಣಿಕೆ ಮಾತ್ರ ಆಗಿದ್ದರೆ, "ಈ ಗಂಟೆಯಲ್ಲಿ ನಾನೂರು ಜನ ದಾಟಿದರು" ಎಂಬಷ್ಟೇ ಆಗಿದ್ದರೆ, ನನಗೂ ತಕರಾರಿಲ್ಲ. ಒಂದೇ ಮೊಬೈಲಿನ ಜಾಡು ದಿನವಿಡೀ ಹೆಣೆದುಕೊಂಡಿದ್ದರೆ ಮಾತು ಬೇರೆ. 15 ಲಕ್ಷ ಮೊಬೈಲ್ ಬಳಕೆದಾರರ ಹೆಸರಿಲ್ಲದ ದಾಖಲೆಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಎಲ್ಲಿ, ಯಾವ ಹೊತ್ತಿಗೆ ಎಂಬ ನಾಲ್ಕೇ ನಾಲ್ಕು ಗುರುತು ಸಿಕ್ಕರೆ ಶೇ. 95ರಷ್ಟು ಜನರ ಜಾಡನ್ನು ಗುಂಪಿನಿಂದ ಬೇರ್ಪಡಿಸಬಹುದಿತ್ತು. ನೀವು ರಾತ್ರಿ ಮಲಗುವ ಜಾಗ, ಹಗಲು ದುಡಿಯುವ ಜಾಗ ಸೇರಿದರೆ ಎರಡು ಗುರುತು ಆಗಲೇ ಆಯಿತು.

ಕಾರ್ಯದರ್ಶಿ: ಕಂಬಕ್ಕೊಂದು ಫಲಕ ಹಾಕಿಸಿದರೆ ಸಾಕೇ?

ಉತ್ತರ: "ನೀವು ಕ್ಯಾಮೆರಾ ಕಣ್ಗಾವಲಿನಲ್ಲಿದ್ದೀರಿ" ಎಂಬ ಫಲಕ ಗದರಿಸುತ್ತದೆ, ತಿಳಿಸುವುದಿಲ್ಲ. ಯಾರದು, ಯಾತಕ್ಕೆ, ದೂರು ಯಾರಿಗೆ ಎಂಬ ಮೂರು ಸಾಲು ಅದರಲ್ಲಿರಲಿ. ಆಮ್‌ಸ್ಟರ್‌ಡ್ಯಾಮಿನಲ್ಲಿ 2021ರ ಕೊನೆಯಿಂದ ಸಾರ್ವಜನಿಕ ಜಾಗದ ಸೆನ್ಸರ್‌ಗಳನ್ನು ನಗರಾಡಳಿತಕ್ಕೆ ತಿಳಿಸುವುದು ಕಡ್ಡಾಯ. ಅವು ಎಲ್ಲಿವೆ ಎಂದು ಯಾರು ಬೇಕಾದರೂ ನಕ್ಷೆಯಲ್ಲಿ ನೋಡಬಹುದು. ನಿಮ್ಮ ನಗರಾಡಳಿತ ಮಾಡುವವರೆಗೆ ಕಾಯಬೇಡಿ. ನಡಿಗೆಯ ದಿನವೇ ಕಾಗದದ ಮೇಲೆ ನಕ್ಷೆ ಬರೆಯಿರಿ, ಮಕ್ಕಳ ಕೈಗೆ ಪೆನ್ಸಿಲ್ ಕೊಡಿ. ಅವರ ಕಣ್ಣಿಗೆ ಬೀಳದ ಡಬ್ಬಿಯಿಲ್ಲ.

ಕಾರ್ಯದರ್ಶಿ (ಎರಡು ವಾರದ ನಂತರ): ನಡೆದೆವು ಸರ್, ಇಪ್ಪತ್ತಾರು ಜನ. ನಕ್ಷೆಯಲ್ಲಿ ಹದಿನೇಳು ಗುರುತು. ಹದಿನಾರು ಏನೆಂದು ತಿಳಿಯಿತು. ಆಟದ ಮೈದಾನದ ಮೂಲೆಯ ಬೂದು ಪೆಟ್ಟಿಗೆ ಯಾರದೆಂದು ಯಾರಿಗೂ ಗೊತ್ತಿಲ್ಲ. ಅರ್ಜಿ ಬರೆದಿದ್ದೇವೆ. ಮೊದಲ ಸಹಿ, ಅಂದು ಸಭೆಯಲ್ಲಿ ತೂಕಡಿಸಿದವರಲ್ಲಿ ಒಬ್ಬರದು.